ಮನೆಯ ನ್ಯಾಸ್‌ನಲ್ಲಿ ಹಾರ್ಡ್ ಡಿಸ್ಕ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಕೆಳಗೆ ನಾಲ್ಕು ಡಿಸ್ಕಿನ ನ್ಯಾಸ್ ಡಬ್ಬಿಯೊಂದು, ಅಂದರೆ ಮನೆಯವರೆಲ್ಲ ನೆಟ್‌ವರ್ಕ್ ಮೂಲಕ ಫೈಲ್ ಇಟ್ಟು ತೆಗೆಯುವ ಪೆಟ್ಟಿಗೆ, ಏಳು ವರ್ಷದಿಂದ ಗುಂಯ್ ಅನ್ನುತ್ತ ಕೂತಿದೆ. ಇಷ್ಟರಲ್ಲಿ ಅದರ ಮೂರು ಡಿಸ್ಕ್ ಹೋದವು, ಒಂದು ಫೋಟೋವೂ ಹೋಗಲಿಲ್ಲ. ಈ ಲೆಕ್ಕ ಗೊತ್ತಿರುವ ನೆಂಟರು, ಸ್ನೇಹಿತರು ತಮ್ಮ ಡಬ್ಬಿ ಬೀಪ್ ಅನ್ನತೊಡಗಿದರೆ ರಾತ್ರಿ ಹನ್ನೊಂದಾದರೂ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವನ್ನೇ.

ನ್ಯಾಸ್ ಬೀಪ್ ಬೀಪ್ ಅಂತಿದೆ, ಕೆಂಪು ದೀಪ ಬಂದಿದೆ. ಮೊದಲು ಏನು ಮಾಡಲಿ?

ಏನೂ ಮಾಡಬೇಡಿ. ರೀಸ್ಟಾರ್ಟ್ ಬೇಡ, ಡಿಸ್ಕ್ ಎಳೆಯುವುದು ಬೇಡ, ಪರದೆಯ ಮೇಲೆ ‘ರಿಪೇರ್’, ‘ಇನಿಶಿಯಲೈಸ್’ ಅಂತ ಯಾವ ಬಟನ್ ಬಂದರೂ ಸದ್ಯಕ್ಕೆ ಒತ್ತುವುದು ಬೇಡ. ಆ ಕೂಗು ತಲೆ ತಿನ್ನುತ್ತದೆ, ಒಪ್ಪುತ್ತೇನೆ. ಅಡ್ಮಿನ್ ಪುಟಕ್ಕೆ ಹೋಗಿ ಬೀಪ್ ಸದ್ದನ್ನಷ್ಟೇ ನಿಲ್ಲಿಸಿ.

ಆಮೇಲೆ ಒಂದು ಹಾಳೆ ತಗೊಂಡು ಮೂರು ವಿಷಯ ಬರೆದುಕೊಳ್ಳಿ: ವಾಲ್ಯೂಮ್ (ಡಿಸ್ಕ್‌ಗಳೆಲ್ಲ ಸೇರಿ ಆದ ಜಾಗ) ಯಾವ ಸ್ಥಿತಿಯಲ್ಲಿದೆ, ದೂರು ಬಂದಿರುವುದು ಯಾವ ಡಿಸ್ಕಿನ ಮೇಲೆ, ಅದರ ಸೀರಿಯಲ್ ನಂಬರ್ ಎಷ್ಟು. ಸ್ಥಿತಿ ‘ಡಿಗ್ರೇಡೆಡ್’ ಅಂತಿದ್ದರೆ ಡೇಟಾ ಇನ್ನೂ ಇದೆ, ಕಾವಲು ಮಾತ್ರ ಹೋಗಿದೆ. ಆಗ ಮಾಡಬೇಕಾದ ಮೊದಲ ಕೆಲಸ ಹೊಸ ಡಿಸ್ಕ್ ತರುವುದಲ್ಲ. ಮನೆಯಲ್ಲಿರುವ ಯಾವುದಾದರೂ ಎಕ್ಸ್‌ಟರ್ನಲ್ ಡಿಸ್ಕ್ ಹುಡುಕಿ ಫೋಟೋ, ಮಕ್ಕಳ ವಿಡಿಯೊ, ಮನೆಪತ್ರದ ಸ್ಕ್ಯಾನ್‌ಗಳನ್ನು ಅದಕ್ಕೆ ಕಾಪಿ ಮಾಡಿ. ಸಿನಿಮಾಗಳು ಕೊನೆಗೆ. ಸ್ಥಿತಿ ‘ಕ್ರ್ಯಾಶ್ಡ್’, ‘ಫೇಲ್ಡ್’ ಅಂತಿದ್ದರೆ ಯಾವುದಕ್ಕೂ ಕೈ ಹಾಕದೆ ಕೆಳಗಿನ ಎರಡನೇ ಡಿಸ್ಕಿನ ಪ್ರಶ್ನೆಗೆ ಹೋಗಿ.

ಇಷ್ಟು ವರ್ಷದಲ್ಲಿ ನಾನು ನೋಡಿದ ಡೇಟಾ ನಷ್ಟಗಳಲ್ಲಿ ಹೆಚ್ಚಿನವು ಡಿಸ್ಕ್ ಹೋದದ್ದರಿಂದ ಆದವಲ್ಲ, ಹೋದ ಮೇಲಿನ ಒಂದು ಗಂಟೆಯಲ್ಲಿ ಮನೆಯವರು ಆತುರಪಟ್ಟದ್ದರಿಂದ ಆದವು.

ಒಂದು ಡಿಸ್ಕ್ ಹೋದರೂ ಡೇಟಾ ಉಳಿಯೋದು ಹೇಗೆ?

ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನಕ್ಕೆ ರೇಡ್ ಅಂತ ಹೆಸರು. ಅದರ ಹಂತಗಳಿಗೆ ನಂಬರ್ ಕೊಟ್ಟು ವಿವರಿಸಿದ್ದು 1988ರಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ ಎಂಬ ಮೂವರು. ಹಿಂದಿನ ಲೆಕ್ಕ ಮಾತ್ರ ಪ್ರೈಮರಿ ಶಾಲೆಯದು. ಮೂರು ಡಿಸ್ಕ್‌ಗಳಲ್ಲಿ 4, 7, 2 ಅಂತ ಬರೆದು ನಾಲ್ಕನೆಯದರಲ್ಲಿ ಮೊತ್ತ 13 ಬರೆದಿಟ್ಟಿರಿ ಅನ್ನಿ. 7 ಇದ್ದ ಡಿಸ್ಕ್ ಸತ್ತರೆ 13ರಲ್ಲಿ 4 ಮತ್ತು 2 ಕಳೆಯಿರಿ, 7 ವಾಪಸ್ ಬಂತು. ನಿಜವಾದ ರೇಡ್ 5 ಕೂಡುವ ಬದಲು ಬಿಟ್‌ಗಳ ಮೇಲೆ ‘ಎಕ್ಸಾರ್’ ಎಂಬ ಲೆಕ್ಕ ಮಾಡುತ್ತದೆ, ಮೊತ್ತವನ್ನು ಒಂದೇ ಡಿಸ್ಕಿನಲ್ಲಿಡದೆ ಎಲ್ಲದರ ಮೇಲೂ ಹಂಚುತ್ತದೆ. ತತ್ವ ಅದೇ.

ಹಾಗಾಗಿ ರೇಡ್ 5 ಒಂದು ಡಿಸ್ಕ್ ಹೋದರೆ ತಡೆಯುತ್ತದೆ, ರೇಡ್ 6 ಎರಡು. ರೇಡ್ 1 ಅಂದರೆ ಪಡಿಯಚ್ಚು: ಎರಡರಲ್ಲಿ ಒಂದು ಉಳಿದರೆ ಸಾಕು. ರೇಡ್ 0 ಅಂತ ಸೆಟ್ ಮಾಡಿಕೊಂಡಿದ್ದರೆ ಒಂದು ಹೋದರೂ ಎಲ್ಲ ಹೋದಂತೆಯೇ. ಹೆಸರಿನಲ್ಲಿ ರೇಡ್ ಇದೆ, ರಕ್ಷಣೆ ಸೊನ್ನೆ.

ನಿಜಕ್ಕೂ ಡಿಸ್ಕೇ ಹೋಗಿದೆ ಅಂತ ಹೇಗೆ ಹೇಳ್ತೀರಿ?

ಒಳ್ಳೆ ಪ್ರಶ್ನೆ, ಕೇಳುವವರು ಕಡಿಮೆ. ಹಳೆ ಪಿಸಿಗೆ ಟ್ರೂನ್ಯಾಸ್ ಅಥವಾ ಓಪನ್‌ಮೀಡಿಯಾವಾಲ್ಟ್ ಎಂಬ ನ್ಯಾಸ್ ಸಾಫ್ಟ್‌ವೇರ್ ಹಾಕಿಕೊಂಡವರು ಮೊದಲು ಅನುಮಾನಿಸಬೇಕಾದ್ದು ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲನ್ನು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕವೇ ಸ್ಮಾರ್ಟ್ ವರದಿ. ಅದರ 199ನೇ ಸಾಲು ಸಿಆರ್‌ಸಿ ಎರರ್ ಎಣಿಕೆ. ಡಿಸ್ಕಿಗೂ ಬೋರ್ಡಿಗೂ ನಡುವೆ ಹೋಗಿಬರುವ ಡೇಟಾ ದಾರಿಯಲ್ಲಿ ಕೆಟ್ಟರೆ ಈ ಅಂಕಿ ಏರುತ್ತದೆ. ಬೇರೆ ಎಲ್ಲ ಸೊನ್ನೆ, ಇದೊಂದೇ ಏರುತ್ತಿದೆ ಅಂದರೆ ಡಿಸ್ಕ್ ನಿರಪರಾಧಿ ಅನ್ನಬಹುದು. ಮೆಷಿನ್ ಆಫ್ ಮಾಡಿ ಕೇಬಲ್ ಬದಲಿಸಿ. ಹಳೆಯ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಗಾಬರಿ ಬೇಡ. ಮುಂದೆ ಏರದಿದ್ದರೆ ಸಾಕು.

ಇನ್ನೊಂದು ಆರೋಪಿ ಅಡಾಪ್ಟರ್. ಡಿಸ್ಕ್‌ಗಳು ಒಟ್ಟಿಗೆ ತಿರುಗಲು ಶುರುವಾಗುವ ಕ್ಷಣದಲ್ಲಿ ಅತಿ ಹೆಚ್ಚು ಕರೆಂಟ್ ಎಳೆಯುತ್ತವೆ. ಬಳಲಿದ ಅಡಾಪ್ಟರ್ ಅಲ್ಲಿಯೇ ಮಂಡಿಯೂರುತ್ತದೆ. ಒಂದೇ ನಿಮಿಷದಲ್ಲಿ ಎರಡು ಡಿಸ್ಕ್ ‘ಸತ್ತವು’ ಅಂದರೆ ನಾನು ಡಿಸ್ಕ್ ಕಡೆ ನೋಡುವುದೇ ಇಲ್ಲ. ಅಡಾಪ್ಟರ್, ಪವರ್ ಸಪ್ಲೈ ಅಥವಾ ಬೋರ್ಡನ್ನು ನೋಡುತ್ತೇನೆ.

ಸ್ಮಾರ್ಟ್ ವರದಿಯಲ್ಲಿ ‘ಪಾಸ್ಡ್’ ಅಂತಿದೆಯಲ್ಲ?

ಆ ‘ಪಾಸ್ಡ್’ಗೆ ಗ್ರೇಸ್ ಮಾರ್ಕ್ಸ್ ಜಾಸ್ತಿ. ಕೊನೆಯುಸಿರು ಎಳೆಯುತ್ತಿರುವ ಡಿಸ್ಕ್ ಕೂಡ ಪಾಸ್ ಆಗಿರುತ್ತದೆ. ಕೆಳಗಿಳಿದು ಕಚ್ಚಾ ಅಂಕಿಗಳನ್ನು ನೋಡಿ. 5ನೇ ಸಾಲು ಕೆಟ್ಟುಹೋಗಿ ಬೇರೆಡೆಗೆ ಸಾಗಿಸಿದ ಸೆಕ್ಟರ್‌ಗಳು (ಡೇಟಾ ಬರೆಯುವ ಸಣ್ಣ ತುಣುಕು ಜಾಗಗಳು). 197 ಓದಲಾಗದೆ ಕಾಯುತ್ತಿರುವವು. 198 ಡಿಸ್ಕ್ ತಾನಾಗಿ ತಪಾಸಣೆ ಮಾಡಿಕೊಂಡಾಗ ಓದಲಾಗದ್ದು. 187 ಸರಿಪಡಿಸಲಾಗದೆ ಕೈಚೆಲ್ಲಿದ ಎರರ್‌ಗಳು. ನನ್ನ ರೂಢಿ ಹೀಗಿದೆ: 5ರಲ್ಲಿ ಎಂಟೋ ಹತ್ತೋ ಇದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಕಣ್ಣಿಟ್ಟಿರುತ್ತೇನೆ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಋಣ ತೀರಿತು.

ಗೂಗಲ್‌ನವರು 2007ರಲ್ಲಿ ತಮ್ಮ ಡಿಸ್ಕ್‌ಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ಎರರ್ ಕಂಡ ಡಿಸ್ಕ್, ಎರರ್ ಇಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ 39 ಪಟ್ಟು ಎಂದಿತ್ತು ಅದರಲ್ಲಿ. ಅದೇ ಅಧ್ಯಯನದಲ್ಲಿ, ಸತ್ತ ಡಿಸ್ಕ್‌ಗಳ ಪೈಕಿ 36 ಶೇಕಡಕ್ಕೂ ಹೆಚ್ಚಿನವು ಉಷ್ಣಾಂಶ ಬಿಟ್ಟರೆ ಸ್ಮಾರ್ಟ್‌ನ ಯಾವ ಸಾಲಿನಲ್ಲೂ ಸುಳಿವು ಕೊಟ್ಟಿರಲಿಲ್ಲ. ವರದಿ ಕೆಟ್ಟದಿದ್ದರೆ ನಂಬಿ, ಚೆನ್ನಾಗಿದ್ದರೆ ಪೂರ್ತಿ ನಂಬಬೇಡಿ.

ಸೀಗೇಟ್ ಡಿಸ್ಕ್ ಇರುವವರಿಗೆ ಒಂದು ಸಮಾಧಾನ: 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಎದೆ ಒಡೆದುಕೊಳ್ಳಬೇಡಿ. ಅವರು ಆ ಅಂಕಿಯೊಳಗೆ ಒಟ್ಟು ಕೆಲಸಗಳ ಎಣಿಕೆಯನ್ನೂ ಸೇರಿಸಿ ಬರೆಯುತ್ತಾರೆ.

ಡಿಸ್ಕಿನಿಂದ ಟಕ್… ಟಕ್… ಅಂತ ಸದ್ದು ಬರ್ತಿದೆ.

ಆಫ್ ಮಾಡಿ. ಈಗಲೇ. ಓದುವ ಹೆಡ್ ತನ್ನ ಜಾಗ ಸಿಗದೆ ಹೋಗಿಬಂದು ಮಾಡುವ ಸದ್ದು ಅದು. ಪ್ರತಿ ಸಲಕ್ಕೂ ತಟ್ಟೆಯ ಮೇಲೆ ಗೀರು ಬೀಳುವ ಭಯವಿದೆ.

ಫ್ರಿಜ್‌ನಲ್ಲಿಟ್ಟು ತೆಗೆದರೆ ಓಡುತ್ತಂತೆ?

ಬೇಡ ಮಾರಾಯ್ರೆ. ಹೊರಗೆ ತೆಗೆದ ಕೂಡಲೇ ಒಳಗೆಲ್ಲ ನೀರಹನಿ ಕಟ್ಟುತ್ತದೆ. ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ, ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಅಲ್ಲಿ ಒಂದು ಹನಿ ಅಂದರೆ ಹೈವೇಗೆ ಅಡ್ಡ ಬಿದ್ದ ಬಂಡೆ. ಮುಚ್ಚಳ ಬಿಚ್ಚಿ ‘ನೋಡುವ’ ಆಸೆಗೂ ಇದೇ ಉತ್ತರ.

ನಾಲ್ಕು ಡಿಸ್ಕಿನಲ್ಲಿ ಯಾವುದು ಕೆಟ್ಟಿದ್ದು ಅಂತ ಗುರುತಿಸೋದು ಹೇಗೆ?

ಸೀರಿಯಲ್ ನಂಬರ್ ನೋಡಿಯೇ. ಸ್ಲಾಟ್ ಎಣಿಸಿ ಅಲ್ಲ, ಲಿನಕ್ಸ್ ವ್ಯವಸ್ಥೆ ಕೊಡುವ ‘ಎಸ್‌ಡಿಸಿ’ ಎಂಬಂಥ ಹೆಸರಿನಿಂದಂತೂ ಅಲ್ಲವೇ ಅಲ್ಲ. ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ಮೊದಲ ಡಿಸ್ಕ್ ಹೋದಾಗ ಲಿನಕ್ಸ್ ‘ಎಸ್‌ಡಿಸಿ’ ಅಂದಿತು. ಎ, ಬಿ, ಸಿ ಅಂತ ಎಡದಿಂದ ಎಣಿಸಿ ಮೂರನೆಯದನ್ನು ಎಳೆದೆ. ರೀಸ್ಟಾರ್ಟ್ ಆದಾಗ ಆ ಅಕ್ಷರಗಳು ಜಾಗ ಬದಲಿಸುತ್ತವೆ ಅಂತ ಆಗ ಗೊತ್ತಿರಲಿಲ್ಲ. ಎಳೆದದ್ದು ಓಡುತ್ತಿದ್ದ ಡಿಸ್ಕು. ಮೊದಲೇ ಒಂದಿಲ್ಲದ ರೇಡ್ 5ರಲ್ಲಿ ಎರಡನೆಯದೂ ಹೊರಗೆ. ಒಳಮನೆಯಲ್ಲಿ ಟಿವಿ ನೋಡುತ್ತಿದ್ದ ನಮ್ಮತ್ತೆ “ಧಾರಾವಾಹಿ ನಿಂತೋಯ್ತಲ್ಲಪ್ಪ” ಅಂದದ್ದು ಇನ್ನೂ ಕಿವಿಯಲ್ಲಿದೆ.

ಕೈ ನಡುಗುತ್ತಿದ್ದರೂ ಒಂದು ಕೆಲಸ ಸರಿ ಮಾಡಿದೆ: ‘ಹೊಸ ಅರೇ (ರೇಡ್‌ನಲ್ಲಿ ಜೋಡಿಸಿದ ಡಿಸ್ಕ್‌ಗಳ ಗುಂಪು) ರಚಿಸು’ ಎಂಬ ಕಮಾಂಡ್ ಹೊಡೆಯಲಿಲ್ಲ. ಡಿಸ್ಕನ್ನು ಅದೇ ಸ್ಲಾಟಿಗೆ ಹಾಕಿ, ಲಿನಕ್ಸ್‌ನಲ್ಲಿ ರೇಡ್ ನಿಭಾಯಿಸುವ ‘ಎಂಡಿಎಡಿಎಂ’ ಪ್ರೋಗ್ರಾಂನ ‘ಎಕ್ಸಾಮಿನ್’ ಕೊಟ್ಟು ಮೂರೂ ಡಿಸ್ಕಿನ ಈವೆಂಟ್ ಎಣಿಕೆ, ಅಂದರೆ ಅರೇಯಲ್ಲಿ ಬದಲಾವಣೆ ಆದಂತೆ ಏರುವ ಅಂಕಿ, ನೋಡಿದೆ. ಎರಡರಲ್ಲಿ ಒಂದೇ ಅಂಕಿ, ಎಳೆದಿದ್ದರಲ್ಲಿ ಬೆರಳೆಣಿಕೆಯಷ್ಟು ಕಮ್ಮಿ. ವ್ಯತ್ಯಾಸ ಅಷ್ಟು ಸಣ್ಣದಿದ್ದರೆ ‘ಅಸೆಂಬಲ್’ ಜೊತೆ ‘ಫೋರ್ಸ್’ ಸೇರಿಸಿ ಜೋಡಿಸಬಹುದು. ಜೋಡಿಸಿದೆ, ಎದ್ದು ಕೂತಿತು.

ಈಗ ಪ್ರತಿ ಟ್ರೇ ಮುಂದೆ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಬರೆದ ಬಿಳಿ ಸ್ಟಿಕ್ಕರ್ ಇದೆ. ನೀವೂ ಡಿಸ್ಕ್‌ಗಳೆಲ್ಲ ಆರೋಗ್ಯವಾಗಿರುವ ಇವತ್ತೇ ಅಂಟಿಸಿ. ಕೆಲವು ಪ್ರೋಗ್ರಾಂಗಳು ಡಿಸ್ಕನ್ನು 0ಯಿಂದ ಎಣಿಸುತ್ತವೆ, ಡಬ್ಬಿಯ ಮೇಲಿನ ಅಚ್ಚು 1ರಿಂದ ಶುರುವಾಗುತ್ತದೆ. ಆ ಗುಂಡಿಗೂ ಜನ ಬಿದ್ದಿದ್ದಾರೆ.

ಹೊಸ ಡಿಸ್ಕ್ ಯಾವುದು ತಗೊಳ್ಳಲಿ?

ಹಳೆಯದರಷ್ಟೇ ಅಥವಾ ಹೆಚ್ಚಿನ ಗಾತ್ರದ್ದು. ಹಳೆಯದಕ್ಕಿಂತ ಕೆಲವೇ ಸೆಕ್ಟರ್ ಕಡಿಮೆಯಿದ್ದರೂ ರೇಡ್ ಒಪ್ಪದಿರಬಹುದು. ಕಂಪನಿ ಅದೇ ಆಗಬೇಕಿಲ್ಲ, ಬೇರೆಯಾದರೆ ನನಗೆ ಇನ್ನೂ ಸಂತೋಷ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ನಾಲ್ಕು ಡಿಸ್ಕ್ ಒಟ್ಟಿಗೇ ಮುದಿಯಾಗುತ್ತವೆ.

ಮುಖ್ಯವಾಗಿ ನೋಡಬೇಕಾದ್ದು ಸಿಎಂಆರ್, ಅಂದರೆ ಟ್ರ್ಯಾಕ್‌ಗಳು (ಡೇಟಾ ಬರೆಯುವ ಸುತ್ತುಗಳು) ಅಕ್ಕಪಕ್ಕ ಬಿಡಿಯಾಗಿರುವ ಡಿಸ್ಕ್, ಹೌದೋ ಅಲ್ಲವೋ. ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಟ್ರ್ಯಾಕ್‌ಗಳು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಹೊದ್ದಿರುತ್ತವೆ. ಮಧ್ಯದ ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕು. ರೀಬಿಲ್ಡ್, ಅಂದರೆ ಹೋದ ಡಿಸ್ಕಿನ ಡೇಟಾವನ್ನು ಹೊಸದರಲ್ಲಿ ದಿನಗಟ್ಟಲೆ ಒಂದೇ ಸಮನೆ ಮತ್ತೆ ಬರೆಯುವ ಕೆಲಸ, ಅದಕ್ಕೆ ಆಗಿಬರದು. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ 2ರಿಂದ 6 ಟಿಬಿವರೆಗಿನ ಕೆಲವು ರೆಡ್ ಡಿಸ್ಕ್‌ಗಳು ಎಸ್‌ಎಂಆರ್ ಅನ್ನುವುದು ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆ ಅವರು ಸಿಎಂಆರ್ ಇರುವುದಕ್ಕೆ ‘ರೆಡ್ ಪ್ಲಸ್’ ಅಂತ ಬೇರೆ ಹೆಸರಿಟ್ಟರು.

ಡೆಸ್ಕ್‌ಟಾಪ್ ಡಿಸ್ಕ್ ಸಾಲದೇ ಅಂದರೆ, ಒಂದು ವ್ಯತ್ಯಾಸವಿದೆ. ನ್ಯಾಸ್ ಡಿಸ್ಕ್ ಓದಲಾಗದ ಸೆಕ್ಟರ್ ಸಿಕ್ಕರೆ ಸಾಮಾನ್ಯವಾಗಿ 7 ಸೆಕೆಂಡಿಗೆ ‘ಆಗಲ್ಲ’ ಅಂದುಬಿಡುತ್ತದೆ, ಉಳಿದದ್ದನ್ನು ರೇಡ್ ನೋಡಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಡಿಸ್ಕ್ ಛಲ ಬಿಡದೆ ನಿಮಿಷಗಟ್ಟಲೆ ಹೆಣಗಬಹುದು. ಲಿನಕ್ಸ್ ಕಾಯುವುದು ಮಾಮೂಲಾಗಿ 30 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ, ಒಂದು ಸೆಕ್ಟರಿನ ತಪ್ಪಿಗೆ ಇಡೀ ಡಿಸ್ಕ್ ಅರೇಯಿಂದ ಹೊರಬೀಳುತ್ತದೆ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವವರು ಜಿಎಸ್‌ಟಿ ಬಿಲ್ ಬರೆಸಿಕೊಂಡು, ಅಂಗಡಿಯಲ್ಲಿ ನಿಂತೇ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಮನೆಗೆ ಬಂದ ಮೇಲೆ ಸ್ಮಾರ್ಟ್‌ನ 9ನೇ ಸಾಲು, ಓಡಿದ ಗಂಟೆಗಳ ಲೆಕ್ಕ, ಸೊನ್ನೆಯ ಹತ್ತಿರ ಇರಬೇಕು. ಆದರೆ ಅದನ್ನೂ ಅಳಿಸುವವರಿದ್ದಾರೆ: ಹಾಗೆ ಅಳಿಸಿ ಹೊಸದೆಂದು ಮಾರಿದ್ದ ಬಳಸಿದ ಸೀಗೇಟ್ ಡಿಸ್ಕ್‌ಗಳ ವಿಷಯ 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಹೊರಬಿತ್ತು. ಸೀಗೇಟ್‌ನ ‘ಫಾರ್ಮ್’ ಎಂಬ ಒಳದಾಖಲೆಯಲ್ಲಿ ನಿಜವಾದ ಗಂಟೆ ಉಳಿದಿತ್ತು. ಸ್ಮಾರ್ಟ್ ವರದಿ ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ ಪ್ರೋಗ್ರಾಂನ ಈಚಿನ ಆವೃತ್ತಿ ಅದನ್ನು ಓದುತ್ತದೆ.

ಹೊಸ 8 ಟಿಬಿ ಡಿಸ್ಕ್ 7.28 ಅಂತ ತೋರಿಸ್ತಿದೆ, ಮೋಸ ಹೋದ್ನಾ?

ಇಲ್ಲ. ಅವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಹಾಕುವ ಮುಂಚೆ ಹೊಸ ಡಿಸ್ಕ್ ಪರೀಕ್ಷೆ ಮಾಡಬೇಕಾ?

ಪುಸ್ತಕದ ಉತ್ತರ ಹೌದು, ಪೂರ್ತಿ ಓದಿ ಬರೆದು ನೋಡಬೇಕು. ಆದರೆ 8 ಟಿಬಿ ಡಿಸ್ಕಿಗೆ ಅದು ದಿನಗಳ ಕೆಲಸ, ಅಷ್ಟು ದಿನವೂ ನಿಮ್ಮ ರೇಡ್ 5 ಕಾವಲಿಲ್ಲದೆ ನಿಂತಿರುತ್ತದೆ. ರೇಡ್ 6 ಆಗಿದ್ದರೆ ಪೂರ್ತಿ ಪರೀಕ್ಷಿಸುತ್ತೇನೆ. ರೇಡ್ 5 ಆಗಿದ್ದರೆ ಎರಡು ನಿಮಿಷದ ಶಾರ್ಟ್ ಟೆಸ್ಟ್ ಮಾಡಿ ಹಾಕಿಬಿಡುತ್ತೇನೆ. ಇದು ನನ್ನ ಜೂಜು, ಒಪ್ಪದವರಿದ್ದಾರೆ.

ಹಾಕಿದ ಮೇಲೆ ಸಿನಾಲಜಿ ಕಂಪನಿಯ ನ್ಯಾಸ್‌ನಲ್ಲಿ ಸ್ಟೋರೇಜ್ ಮ್ಯಾನೇಜರ್‌ಗೆ ಹೋಗಿ ‘ರಿಪೇರ್’ ಒತ್ತಬೇಕು. ಈಗ ಒತ್ತಬಹುದು. ಟ್ರೂನ್ಯಾಸ್‌ನಲ್ಲಿ ಹಳೆಯದನ್ನು ‘ಆಫ್‌ಲೈನ್’ ಮಾಡಿ, ತೆಗೆದು, ಹೊಸದು ಹಾಕಿ ‘ರಿಪ್ಲೇಸ್’. ಬರಿಯ ಲಿನಕ್ಸ್‌ನಲ್ಲಿ ‘ಫೇಲ್’, ‘ರಿಮೂವ್’, ‘ಆಡ್’ ಈ ಕ್ರಮದಲ್ಲಿ. ಡಿಸ್ಕ್ ಸ್ವಲ್ಪವಾದರೂ ಓದುತ್ತಿದ್ದು ಸ್ಲಾಟ್ ಖಾಲಿ ಇದ್ದರೆ ಹಳೆಯದನ್ನು ತೆಗೆಯದೆಯೇ ಪಕ್ಕದಲ್ಲಿ ಹೊಸದು ಹಾಕಿ ‘ರಿಪ್ಲೇಸ್’ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ.

ರೀಬಿಲ್ಡ್ ಎಷ್ಟು ಹೊತ್ತು ಹಿಡಿಯುತ್ತೆ?

8 ಟಿಬಿ ಡಿಸ್ಕ್, ಸೆಕೆಂಡಿಗೆ 180 ಎಂಬಿ ವೇಗ ಅಂತ ಹಿಡಿದರೆ ಹನ್ನೆರಡೂವರೆ ಗಂಟೆಯ ಆಸುಪಾಸು. ಅದು ಕಾಗದದ ಲೆಕ್ಕ. ತಟ್ಟೆಯ ಒಳಸುತ್ತಿಗೆ ಹೋದಂತೆ ವೇಗ ಅರ್ಧಕ್ಕೆ ಇಳಿಯುತ್ತದೆ, ಮಧ್ಯೆ ಮಕ್ಕಳು ಸಿನಿಮಾ ಹಾಕಿರುತ್ತಾರೆ, ಗೇಟಿನ ಕ್ಯಾಮೆರಾ ಬರೆಯುತ್ತಲೇ ಇರುತ್ತದೆ. ಒಂದೂವರೆ, ಎರಡು ದಿನ ಅಂದುಕೊಳ್ಳಿ. ಟ್ರೂನ್ಯಾಸ್‌ನಲ್ಲಿರುವ ಜಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸುವವರಿಗೆ ಒಂದು ಲಾಭ: ಅದು ಡೇಟಾ ಇರುವಷ್ಟನ್ನೇ ಕಟ್ಟುತ್ತದೆ, ಅರ್ಧ ಖಾಲಿ ಇದ್ದರೆ ಬೇಗ ಮುಗಿಯುತ್ತದೆ.

ಆ ಎರಡು ದಿನ ಟೊರೆಂಟ್, ಸರ್ವರ್‌ನಲ್ಲಿ ಓಡುವ ಬೇರೆ ಆ್ಯಪ್‌ಗಳನ್ನೆಲ್ಲ ನಿಲ್ಲಿಸಿ. ಡಬ್ಬಿಯ ಹಿಂದಿನ ಫ್ಯಾನಿನ ದೂಳು ಒರೆಸಿ, ಬೇಸಿಗೆಯಾದರೆ ಟೇಬಲ್ ಫ್ಯಾನ್ ತಿರುಗಿಸಿಡಿ. ನಾನು 45 ಡಿಗ್ರಿ ದಾಟಲು ಬಿಡುವುದಿಲ್ಲ. ಮಧ್ಯೆ ಕರೆಂಟ್ ಹೋದರೆ ಸಾಮಾನ್ಯವಾಗಿ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೂ ಯುಪಿಎಸ್ ಇಲ್ಲದೆ ರೀಬಿಲ್ಡ್ ಶುರುಮಾಡಲು ನನಗಂತೂ ಧೈರ್ಯವಿಲ್ಲ.

ಮನೆಗೆಲ್ಲ ಇನ್ವರ್ಟರ್ ಇದೆ, ಬೇರೆ ಯುಪಿಎಸ್ ಯಾಕೆ?

ಇನ್ವರ್ಟರ್ ಬದಲಾಗುವ ಆ ರೆಪ್ಪೆ ಬಡಿತದಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಕೆಲವೊಮ್ಮೆ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿ. ಇನ್ನೊಂದು ಕಾರಣ ಯುಎಸ್‌ಬಿ ಕೇಬಲ್. ಬ್ಯಾಟರಿ ಮುಗಿಯುತ್ತಿದೆ ಅಂತ ಯುಪಿಎಸ್ ಆ ಕೇಬಲ್ ಮೂಲಕ ಹೇಳಿದರೆ ನ್ಯಾಸ್ ಬರೆಯುವುದನ್ನು ಮುಗಿಸಿ ತಾನೇ ಮಲಗುತ್ತದೆ. ಇನ್ವರ್ಟರ್‌ಗೆ ಆ ಬಾಯಿಲ್ಲ.

ರೀಬಿಲ್ಡ್ ಅರ್ಧದಲ್ಲಿ ಎರಡನೇ ಡಿಸ್ಕ್ ಎರರ್ ಕೊಡ್ತಿದೆ!

ಇದಕ್ಕೇ ಎಲ್ಲರೂ ಹೆದರುವುದು. ಸುಮಾರು ನ್ಯಾಸ್ ಡಿಸ್ಕ್‌ಗಳ ಕಾಗದದಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದರೆ ಒಂದು ಓದಲಾಗದೆ ಹೋಗಬಹುದು ಅಂತಿರುತ್ತದೆ. ಅಂದರೆ 12.5 ಟಿಬಿಗೆ ಒಂದು. ಇದನ್ನು ಹಿಡಿದು ರೇಡ್ 5 ರೀಬಿಲ್ಡ್ ಮುಗಿಯುವುದೇ ಇಲ್ಲ ಅನ್ನುವವರಿದ್ದಾರೆ. ಅದು ಅತಿಯಾಯಿತು. ಆ ಅಂಕಿ ಕಂಪನಿ ಒಪ್ಪಿಕೊಳ್ಳುವ ಗರಿಷ್ಠ, ಬಹಳಷ್ಟು ಡಿಸ್ಕ್‌ಗಳು ಅದಕ್ಕಿಂತ ಚೆನ್ನಾಗಿ ಓದುತ್ತವೆ. ಆದರೆ ತಿಂಗಳುಗಟ್ಟಲೆ ಯಾರೂ ಮುಟ್ಟದ ಮೂಲೆಗಳನ್ನು ರೀಬಿಲ್ಡ್ ಮೊದಲ ಸಲ ಓದುತ್ತದೆ, ಹಳೆಯ ಹುಳುಕು ಆಗ ಹೊರಬರುತ್ತದೆ. ತಿಂಗಳಿಗೊಮ್ಮೆ ‘ಸ್ಕ್ರಬ್’ (ಎಲ್ಲವನ್ನೂ ಓದಿ ನೋಡುವ ತಪಾಸಣೆ) ಇಟ್ಟಿದ್ದರೆ ಅದು ಮೊದಲೇ ಕಾಣುತ್ತಿತ್ತು.

ಜಡ್‌ಎಫ್‌ಎಸ್ ಆದರೆ ಗಾಬರಿ ಕಡಿಮೆ: ‘ಜಡ್‌ಪೂಲ್ ಸ್ಟೇಟಸ್’ ಯಾವ ಫೈಲು ಕೆಟ್ಟಿತು ಅಂತ ಹೆಸರು ಹಿಡಿದು ಹೇಳುತ್ತದೆ, ಅದನ್ನು ಬ್ಯಾಕಪ್‌ನಿಂದ ತಂದರಾಯಿತು. ಬೇರೆ ರೇಡ್ ಆದರೆ ಮೆಷಿನ್ ನಿಲ್ಲಿಸಿ. ನರಳುತ್ತಿರುವ ಎರಡನೇ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ‘ಡಿಡಿರೆಸ್ಕ್ಯೂ’ ಎಂಬ ಪ್ರೋಗ್ರಾಂ ಬಳಸಿ ಇನ್ನೊಂದು ಹೊಸ ಡಿಸ್ಕಿಗೆ ಪೂರ್ತಿ ನಕಲು ತೆಗೆಯಿರಿ. ಅದು ಸುಲಭದ ಭಾಗಗಳನ್ನು ಮೊದಲು ಎತ್ತಿಕೊಂಡು ಕಷ್ಟದವಕ್ಕೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ನಕಲಾಯಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ನಿಲ್ಲಿಸಿ ಮತ್ತೆ ಶುರುಮಾಡಬಹುದು. ಕಮಾಂಡಿನಲ್ಲಿ ಮೊದಲು ಹಳೆ ಡಿಸ್ಕ್, ಆಮೇಲೆ ಹೊಸದು. ತಿರುಗಾಮುರುಗಾ ಆದರೆ ಖಾಲಿ ಡಿಸ್ಕು ಡೇಟಾದ ಮೇಲೆ ಬರೆದುಕೊಳ್ಳುತ್ತದೆ. ಎಂಟರ್ ಒತ್ತುವ ಮುಂಚೆ ಸೀರಿಯಲ್ ನಂಬರನ್ನು ಗಟ್ಟಿಯಾಗಿ ಓದಿಕೊಳ್ಳಿ. ನಾನು ಓದುತ್ತೇನೆ, ಮನೆಯವರು ನಕ್ಕರೂ ಸರಿ. ನಕಲು ಮುಗಿದ ಮೇಲೆ ಮೂಲವನ್ನು ಪಕ್ಕಕ್ಕಿಟ್ಟು ನಕಲನ್ನೇ ಅರೇಗೆ ಜೋಡಿಸಿ.

ರಿಕವರಿಯವರ ಹತ್ರ ಯಾವಾಗ ಹೋಗಬೇಕು?

ಟಕ್ ಟಕ್ ಸದ್ದು ಇದ್ದು, ಡೇಟಾದ ಬೇರೆ ಪ್ರತಿ ಎಲ್ಲೂ ಇಲ್ಲದಿದ್ದಾಗ. ಡಿಡಿರೆಸ್ಕ್ಯೂ ಕೂಡ ಅಲ್ಲಿ ಹಾನಿಯೇ. ಎಲ್ಲ ಡಿಸ್ಕ್‌ಗಳನ್ನೂ ಸ್ಲಾಟ್ ನಂಬರ್ ಬರೆದು ಕೊಡಿ, ಕೆಟ್ಟದ್ದೊಂದನ್ನೇ ಅಲ್ಲ. ಕ್ಲೀನ್‌ರೂಮ್ ಇದೆಯೇ, ಡೇಟಾ ಸಿಗದಿದ್ದರೆ ದುಡ್ಡು ಎಷ್ಟು, ಇವೆರಡನ್ನೂ ಬರಹದಲ್ಲಿ ಕೇಳಿ. ರಸ್ತೆಬದಿಯ ಅಂಗಡಿಯಲ್ಲಿ “ಬಿಚ್ಚಿ ನೋಡ್ತೀನಿ ಸಾರ್” ಅಂದರೆ ಡಿಸ್ಕ್ ಕಿತ್ತುಕೊಂಡು ಬನ್ನಿ.

ವಾರಂಟಿ ಇದೆ. ಡಿಸ್ಕ್ ವಾಪಸ್ ಕಳಿಸಲಾ?

ನ್ಯಾಸ್ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ 3 ವರ್ಷ, ಪ್ರೊ ಸಾಲಿನವಕ್ಕೆ 5. ಅಮೆರಿಕದಿಂದ ತಮ್ಮನೋ ಮಗಳೋ ಸೂಟ್‌ಕೇಸಿನಲ್ಲಿ ತಂದ ಡಿಸ್ಕಿಗೆ ಇಲ್ಲಿ ವಾರಂಟಿ ನಡೆಯದಿರಬಹುದು, ಸೀರಿಯಲ್ ಹಾಕಿ ನೋಡಿ. ಬದಲಿಗೆ ಬರುವುದು ಹೊಸದೇ ಆಗಬೇಕೆಂದಿಲ್ಲ, ರಿಪೇರಿಯಾದದ್ದೂ ಬರುತ್ತದೆ.

ಸತ್ತ ಡಿಸ್ಕನ್ನು ಅಳಿಸಿ ಕಳಿಸಲಾಗುವುದಿಲ್ಲ ಅನ್ನುವುದೇ ತೊಡಕು. ರೇಡ್ 1ರ ಡಿಸ್ಕ್ ಅಂದರೆ ನಿಮ್ಮ ಮನೆಯ ಪೂರ್ತಿ ಪ್ರತಿ. ಎನ್‌ಕ್ರಿಪ್ಟ್ ಆಗಿದ್ದರೆ ನಿಶ್ಚಿಂತೆಯಿಂದ ಕಳಿಸಿ. ಆಗಿಲ್ಲದಿದ್ದರೆ ಒಳಗೆ ಏನಿತ್ತು ಅಂತ ಯೋಚಿಸಿ ನಿರ್ಧರಿಸಿ. ನಾನು ಒಂದನ್ನು ಕಳಿಸದೆ ನಷ್ಟ ಮಾಡಿಕೊಂಡೆ, ಬೇಸರವಿಲ್ಲ.

ರೇಡ್ ಇದೆಯಲ್ಲ, ಬ್ಯಾಕಪ್ ಬೇರೆ ಬೇಕಾ?

ಬೇಕು. ನೀವು ತಪ್ಪಿ ಅಳಿಸಿದ ಫೋಲ್ಡರನ್ನು ರೇಡ್ ಅಷ್ಟೇ ಶ್ರದ್ಧೆಯಿಂದ ಎಲ್ಲ ಡಿಸ್ಕಿನಲ್ಲೂ ಅಳಿಸುತ್ತದೆ. 2021ರಲ್ಲಿ ‘ಕ್ಯೂಲಾಕರ್’, 2022ರಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ಪ್ರೋಗ್ರಾಂಗಳು ಇಂಟರ್‌ನೆಟ್ಟಿಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಡಬ್ಬಿಗಳ ಫೈಲುಗಳಿಗೆ ಬೀಗ ಹಾಕಿದಾಗ ಡಿಸ್ಕ್‌ಗಳೆಲ್ಲ ಗುಂಡುಕಲ್ಲಿನಂತಿದ್ದವು. ನನ್ನ ಒಂದು ಪ್ರತಿ ಊರಿನಲ್ಲಿ ಅಮ್ಮನ ಬೀರುವಿನಲ್ಲಿದೆ, ಹಬ್ಬಕ್ಕೆ ಹೋದಾಗಲೆಲ್ಲ ಬದಲಿಸಿ ಬರುತ್ತೇನೆ.

ಸತ್ತ ಡಿಸ್ಕ್ ಏನು ಮಾಡಲಿ?

ಗುಜರಿಗೆ ಹಾಗೇ ಹಾಕಬೇಡಿ. ಟಿ8 ನಕ್ಷತ್ರಾಕಾರದ ಸ್ಕ್ರೂಡ್ರೈವರ್ ಇದ್ದರೆ ಮುಚ್ಚಳ ಬಿಚ್ಚಿ ತಟ್ಟೆಗಳನ್ನು ಗೀಚಿ ಬಗ್ಗಿಸಿ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕ್‌ಗಳಲ್ಲಿ ತಟ್ಟೆ ಗಾಜಿನದಿರುತ್ತದೆ, ಚೂರು ಕಣ್ಣಿಗೆ ಹಾರುತ್ತದೆ, ಬಟ್ಟೆ ಸುತ್ತಿ ಕುಟ್ಟಿ. ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಒಳಗಿನ ಎರಡು ಮ್ಯಾಗ್ನೆಟ್ ಬಿಸಾಡಬೇಡಿ. ಬೆರಳಿನ ತುದಿ ಸಿಕ್ಕಿಸಿಕೊಂಡರೆ ರಕ್ತ ಬರುವಷ್ಟು ಬಿಗಿ. ನಮ್ಮ ಅಡುಗೆಮನೆಯ ಫ್ರಿಜ್ ಬಾಗಿಲಲ್ಲಿ ಹಾಲಿನವನ ಲೆಕ್ಕದ ಚೀಟಿ ಹಿಡಿದಿರುವುದು ನಮ್ಮ ಮೊದಲ ಡಿಸ್ಕಿನದು.